ಕುಂಟದ ಕುರಿ

ದೀಪಾವಳಿಗೆ ಹದಿನೈದು ದಿನ ಮುಂಚೆ, ಕಾಸಾರಶಿರಸಿಯ ಆಚೆ ಮಾಣಿಕಪ್ಪನವರ ಸೋಯಾ ತೆಗೆದ ಹೊಲದಲ್ಲಿ, ನಾನು ಕುರಿಗಾರ ಅಮೋಘಸಿದ್ಧನ ಪಾದ ಪರೀಕ್ಷೆ ಮಾಡಿದೆ. ಆ ದಿನ ಅವನು ಮೂವತ್ತೊಂದನೆಯವನು. ಮೂವತ್ತಕ್ಕೆ ನಿಲ್ಲಿಸಿ ಬಸ್ಸು ಹಿಡಿಯಬಹುದಿತ್ತು.

ನಮ್ಮ ಸಂಸ್ಥೆ ಮಹಾರಾಷ್ಟ್ರದ ಗಡಿಯ ನಿಲಂಗಾ, ಉಮರ್ಗಾ ಕಡೆಯ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯ ಕೆಲಸ ಮಾಡುತ್ತದೆ. ಮೂವತ್ತು ವಯಸ್ಸು ದಾಟಿದವರ ಬೆರಳು ಚುಚ್ಚಿ ರಕ್ತ ನೋಡುವುದು, ಬಿ.ಪಿ. ಅಳೆಯುವುದು, ಮಾತ್ರೆ ಮುಟ್ಟಿಸುವುದು, ಸಕ್ಕರೆ ಇದ್ದವರ ಪಾದ ನೋಡುವುದು. ಉದಗೀರದಲ್ಲಿ ಬಿ.ಎ. ಮುಗಿಸಿ ಈ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಹೆಸರು ಪ್ರಣಿತಾ. ಆದರೆ ಊರುಗಳಲ್ಲಿ ನನ್ನನ್ನು ಸಕ್ಕರಿ ಬಾಯಿ, ಅಂದರೆ ಸಕ್ಕರೆಯ ಹೆಂಗಸು, ಅನ್ನುತ್ತಾರೆ.

ಊರಲ್ಲಿ ಮನೆ ಇರುವವರು ಮಂಗಳವಾರ ಆರೋಗ್ಯ ಉಪಕೇಂದ್ರಕ್ಕೆ ಬರುತ್ತಾರೆ. ಕುರಿಯವರು ಬರುವುದಿಲ್ಲ. ರಾಶಿ ಮುಗಿದ ಮೇಲೆ ರೈತರು ಗೊಬ್ಬರಕ್ಕೆಂದು ಅವರನ್ನು ಕರೆದು ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ರಾತ್ರಿ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಇಲ್ಲಿ ನಾಲ್ಕು ದಿನ, ಅಲ್ಲಿ ಆರು ದಿನ. ಅವರ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರು ಇದ್ದಲ್ಲಿಗೇ ಹೋಗೋಣ ಎಂದು ಹೇಳಿದವಳು ನಾನೇ. ಹಾಗಾಗಿ ಆ ಮೇಲೆ ಆದದ್ದಕ್ಕೆ ಬೇರೆಯವರನ್ನು ಬೈಯುವ ಹಾಗಿಲ್ಲ.

ಬೆರಳು ಚುಚ್ಚಿದಾಗ ಅಮೋಘಸಿದ್ಧನ ಸಕ್ಕರೆ ಇನ್ನೂರ ಎಂಬತ್ತಾರು ಬಂತು. ಪಾದ ನೋಡಲು ಚೀಲದಿಂದ ಎಳೆ ತೆಗೆದೆ. ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ ಗಟ್ಟಿ ನೈಲಾನ್ ಎಳೆ ಅದು. ಅಂಗಾಲಿನ ಹತ್ತು ಕಡೆ, ಎಳೆ ಬಾಗುವಷ್ಟು ಒತ್ತಬೇಕು. ಕಣ್ಣು ಮುಚ್ಚಿ ಕೂತವರು ತಾಗಿದಾಗಲೆಲ್ಲ ‘ಹಾಂ’ ಅನ್ನಬೇಕು. ಸಕ್ಕರೆ ನರ ತಿಂದಿದ್ದರೆ ಕಾಲಿಗೆ ಏನೂ ತಿಳಿಯುವುದಿಲ್ಲ.

“ಕಣ್ ಮುಚ್ರಿ ಕಾಕಾ.”

“ಕಣ್ ಮುಚ್ಚೂದು ಆಗಲ್ಲ ನೋಡ್ ಯವ್ವಾ. ಆ ಕಡಿ ತೊಗರಿ ನಿಂತದ. ಒಂದು ಹೊಕ್ಕರ ನೂರೂ ಹೊಕ್ತಾವ. ಆಮ್ಯಾಲ ಮಾಣಿಕಪ್ಪ ಸಾಹುಕಾರ ನನ್ನ ಕಣ್ಣ ಕಾಯಂ ಮುಚ್ಚಸ್ತಾನ.”

ಅವನ ಹೆಂಡತಿ ಮಾಳಮ್ಮ ಪಕ್ಕದಲ್ಲಿ ಉಣ್ಣೆ ನೂಲುತ್ತಿದ್ದಳು. “ಬಿಡ್ರಿ ಬಾಯಿ. ಮದಿವ್ಯಾಗ ಅಂತರಪಟ ಸರಿಸಿದಾಗೂ ಅಂವಾ ನನ್ನ ನೋಡಲಿಲ್ಲ. ಹಂದರದಾಗ ಹೋತ ಹೊಕ್ಕಿತ್ತು, ಅದನ್ನೇ ನೋಡ್ತಿದ್ದ.”

“ಹೋತೇ ಚಂದ ಇತ್ತು,” ಎಂದ ಅಮೋಘಸಿದ್ಧ, ಕಣ್ಣು ಕುರಿಗಳ ಮೇಲಿಟ್ಟೇ.

ನಾನು ನಕ್ಕೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಕಣ್ಣು ತೆರೆದೇ ಇರಲಿ ಎಂದು ಎಳೆ ಒತ್ತಿದೆ. ಅವನು ಕುರಿ ಕಡೆ ಒಮ್ಮೆ, ನನ್ನ ಕೈ ಕಡೆ ಒಮ್ಮೆ ನೋಡುತ್ತ ಹತ್ತು ಸಲವೂ ‘ಹಾಂ’ ಅಂದ. ಅವನು ನನ್ನ ಕೈ ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು. ಮೊಬೈಲಿನಲ್ಲಿ ಹತ್ತಕ್ಕೆ ಹತ್ತು ಒತ್ತಿದೆ, ಹಸಿರು ಬಂತು. ಒಂದು ಕಡಿಮೆ ಬಂದಿದ್ದರೂ ಅವನಿಗೆ ಮೆತ್ತನೆ ಅಟ್ಟೆಯ ಚಪ್ಪಲಿ ಕೊಡಬೇಕಿತ್ತು, ತಿಂಗಳಿಗೊಮ್ಮೆ ಪಾದ ನೋಡಬೇಕಿತ್ತು. ಹಸಿರು ಬಂದರೆ ಇನ್ನು ಮುಂದಿನ ವರ್ಷ. ಡಾಕ್ಟರು ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಮಾಣಿಕಪ್ಪನವರ ಮನೆಯಲ್ಲಿ ಇಟ್ಟು ಬರುತ್ತಿದ್ದೆ. ಮಾಳಮ್ಮ ಬಂದು ಒಯ್ಯುತ್ತಿದ್ದಳು. ನಾನು ಮತ್ತೆ ಅವನ ಕಾಲು ನೋಡಲಿಲ್ಲ.

ಎಳ್ಳಮಾಸಿಗೆ, ಅಂದರೆ ದೀಪಾವಳಿಯ ಎರಡು ತಿಂಗಳ ಮೇಲೆ ಬರುವ ಎಳ್ಳು ಅಮಾವಾಸ್ಯೆಗೆ, ಮಾಣಿಕಪ್ಪನವರ ಹೆಂಡತಿ ಶೇವಂತಾಬಾಯಿ ನನ್ನನ್ನು ಹೊಲಕ್ಕೆ ಕರೆದಿದ್ದರು. ಆ ದಿನ ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಶೇವಂತಾಬಾಯಿ ಗಡಿಗೆಯೊಂದನ್ನು ನನ್ನ ಕೈಗೆ ಕೊಟ್ಟರು.

“ಕುರಿಯವ್ರು ಮತ್ತ ನಮ್ಮ ಹೊಲದಾಗೇ ಅದಾರ. ಅವ್ರಿಗಿ ಇದಿಷ್ಟು ಕೊಟ್ಟು ಬಾ ಯವ್ವಾ. ಅಮೋಘಸಿದ್ಧ ಪೂಜಾಕ್ಕ ಬಾ ಅಂದ್ರ ಬರಲಿಲ್ಲ. ಚಪ್ಪಲ ಬಿಡಬೇಕಾಗ್ತದಂತ.”

ಹೊಲದ ಅಂಚಿನ ಬೇವಿನ ಕೆಳಗೆ ಅಮೋಘಸಿದ್ಧ ಕೂತಿದ್ದ. ಮುಂದೆ ಒಂದು ಪ್ಲಾಸ್ಟಿಕ್ ಬೋಗುಣಿ, ಅದರ ತುಂಬ ನೀಲಿ ನೀರು. ನೀರಿನಲ್ಲಿ ಅವನ ಎಡಗಾಲು.

ಆ ನೀರು ಏನೆಂದು ನನಗೆ ಗೊತ್ತಿತ್ತು. ಕುರಿಗಳ ಗೊರಸು ಕೊಳೆತಾಗ ಮೈಲುತುತ್ತ ಕಲಸಿದ ನೀರಿನಲ್ಲಿ ಅವುಗಳನ್ನು ನಡೆಸುತ್ತಾರೆ. ಇಲ್ಲಿ ಅದನ್ನು ಮೋರಚೂದ ಅನ್ನುತ್ತಾರೆ. ಗೊರಸಿನ ರೋಗಕ್ಕೆ ಅಮೋಘಸಿದ್ಧನದು ಎತ್ತಿದ ಕೈ. ದೂರದ ಮುರುಮ ಊರಿನಿಂದಲೂ ಜನ ಅವನನ್ನು ಕರೆಯಲು ಬರುತ್ತಿದ್ದರು.

“ಇದೇನ್ ಮಾಡ್ಲಾಕತ್ತೀರಿ?”

“ಕುರಿಗಿ ಕಲಸಿದ್ದು ಉಳದಿತ್ತು. ಚೆಲ್ಲೂದ್ಯಾಕ ಅಂತ ನಾನೂ ಕಾಲಿಟ್ಟೀನಿ. ಎಂಟು ದಿನ ಆಯ್ತು. ಜಾಲಿಮುಳ್ಳ ಹೊಕ್ಕಿತ್ತು ಅಂತ ಕಾಣಸ್ತದ. ಯಾವಾಗ ಹೊಕ್ತು ಆ ಬೀರಪ್ಪಗೇ ಗೊತ್ತು.”

“ಉರಿಯಲ್ಲೇನು?”

“ಹೇ, ಬಲೇ ಔಷಧ ಅದ. ಕುರಿ ಇದರಾಗ ಕಾಲಿಟ್ಟರ ಒದರ್ತಾವ. ನನಗೇನೂ ಇಲ್ಲ.”

ಗಡಿಗೆ ಕೆಳಗಿಟ್ಟು ಅವನ ಕಾಲನ್ನು ನೀರಿನಿಂದ ಎತ್ತಿದೆ. ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ತೂತು. ಸುತ್ತಲಿನ ಚರ್ಮ ನೆನೆದ ರೊಟ್ಟಿಯ ಹಾಗೆ ಬಿಳಿಚಿ, ಅಂಚಿನಲ್ಲಿ ನೀಲಿಗಟ್ಟಿತ್ತು. ಪಕ್ಕದ ಎರಡು ಬೆರಳು ಕಪ್ಪಾಗಿದ್ದವು. ವಾಸನೆ ಬಂತು. ಕೊಂಪೆಯ ಕಡೆಯಿಂದ ಹೆಣ್ಣುಮಕ್ಕಳ ಹಾಡು ಕೇಳುತ್ತಿತ್ತು.

ಮಾಳಮ್ಮ ಬಂದು ನಿಂತಳು. “ನಾಲ್ಕು ದಿನ ಆಯ್ತು ನಾ ಒದರ್ಲಾಕತ್ತು. ನಾರ್ತದ, ದವಾಖಾನಿಗಿ ನಡಿ ಅಂತ. ನೋವಿಲ್ಲಂದ್ರ ರೋಗ ಹ್ಯಾಂಗ ಆಯ್ತು ಅಂತ ನನಗೇ ಕೇಳ್ತಾನ.”

ಚೀಲ ನನ್ನ ಹೆಗಲಲ್ಲೇ ಇತ್ತು. ಎಳೆ ತೆಗೆದೆ. ಈ ಸಲ ನಾನು ಏನೂ ಹೇಳುವ ಮೊದಲೇ ಮಾಳಮ್ಮ ಅಂದಳು: “ಕುರಿ ನಾ ನೋಡ್ತೀನಿ. ಮುಚ್ಚು ಕಣ್ಣ.”

ಅವನು ಮುಚ್ಚಿದ. ಗಾಯ ಬಿಟ್ಟು ಒಂಬತ್ತು ಕಡೆ ಒತ್ತಿದೆ. ಮತ್ತೆ ಮೊದಲಿನಿಂದ ಒತ್ತಿದೆ. ನಂತರ ಎಳೆ ಬಿಟ್ಟು ನನ್ನ ಉಗುರಿನಿಂದ ಹಿಮ್ಮಡಿಯ ಪಕ್ಕ ಒತ್ತಿದೆ. ಅವನು ಶಾಲೆಯಲ್ಲಿ ಪ್ರಾರ್ಥನೆಗೆ ಕೂತವನ ಹಾಗೆ ಸುಮ್ಮನೆ ಕೂತಿದ್ದ. ರೆಪ್ಪೆಯ ಮೇಲೆ ನೊಣ ಬಂದು ಕೂತಿತು, ತಲೆ ಕೊಡವಿದ.

“ಚಾಲೂ ಮಾಡ್ ಮತ್ತ,” ಎಂದ. “ಭಜ್ಜಿ ಆರ್ತದ.”

ಕುರಿ ನೋಡುತ್ತೇನೆ ಎಂದಿದ್ದ ಮಾಳಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಅವನು ಕಣ್ಣು ತೆರೆದು ಇಬ್ಬರ ಮುಖವನ್ನೂ ನೋಡಿದ. ಆ ಮೇಲೆ ಎಳೆ ನೋಡಿದ, ನಾನು ಅದಕ್ಕೆ ಆಗಲೇ ಮುಚ್ಚಳ ಹಾಕುತ್ತಿದ್ದೆ.

“ಕಾಕಾ, ಅವತ್ತು ನಾ ತಪ್ಪು ಬರದೀನಿ,” ಎಂದೆ. “ನಿಮ್ಮ ಕಾಲಿಗಿ ಅವತ್ತೇ ತಿಳೀತಿರಲಿಲ್ಲ.”

“ನೀ ಏನು ಬರದಿ ನನಗ ಗೊತ್ತಿಲ್ಲ. ನಾ ಸುಳ್ಳು ಹೇಳೀನಿ, ಅದು ಗೊತ್ತದ.”

“ಯಾಕ್ರಿ?”

“ಬಿಸಲಾಗ ಕುಂತಿದ್ದಿ. ಮಾರಿ ಕೆಂಪಾಗಿತ್ತು. ತಾಗಲ್ಲ ಅಂದ್ರ ಮತ್ತ ಮತ್ತ ಒತ್ತತಿ, ಬಸ್ ತಪ್ತದ. ಕೂಸು ಮನಿಗಿ ಹೋಗಲಿ ಅಂತ ಹಾಂ ಅಂದೆ.”

ಅವನ ಕಾಲನ್ನು ಶುದ್ಧ ನೀರಿನಿಂದ ತೊಳೆಯುತ್ತ ಕೂತೆ. ಎರಡು ಕೊಡ ನೀರು ಸುರಿದರೂ ಬೆರಳ ಸಂದಿಯಿಂದ ನೀಲಿ ಇಳಿಯುತ್ತಲೇ ಇತ್ತು.

ಇವತ್ತೇ ಲಾತೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದೆ. ಅವನು ಒಪ್ಪಲಿಲ್ಲ. ನಾಡಿದ್ದು ಹಿಂಡು ದೇವಣಿ ಕಡೆ ಹೊರಡಬೇಕು, ಅಲ್ಲಿ ಮುಟ್ಟಿಸಿ ಆ ಮೇಲೆ ನೋಡೋಣ ಎಂದ. ದೇವಣಿಗೆ ಮೂರು ದಿನದ ನಡಿಗೆ. ಮಾಳಮ್ಮ ಬೈದಳು. “ದೇವಣಿಗಿ ನೀ ಮುಟ್ಟತಿ, ಕಾಲು ಹಾದ್ಯಾಗೇ ಇರ್ತದ,” ಎಂದಳು. ಅವನು ನಗಲು ನೋಡಿದ. ಕೊಂಪೆಯ ಕಡೆಯಿಂದ ಮಾಣಿಕಪ್ಪನವರು ಬಂದು, ಇದು ಸಕ್ಕರಿ ಬಾಯಿಯ ಮಾತು, ಕೇಳಬೇಕು ಎಂದು ತಿಳಿಹೇಳಿ ಹೋದರು. ನನ್ನ ಮಾತಿಗೆ ಅಷ್ಟು ಬೆಲೆ ಇರುವುದು ಆ ಹೊತ್ತಿಗೆ ನನಗೆ ನಾಚಿಕೆಯ ವಿಷಯವಾಗಿತ್ತು. ಪಾಠ ಹೇಳಿ ಹೇಳಿ ಮೂರು ವರ್ಷದಲ್ಲಿ ನನ್ನ ಹತ್ತಿರ ಹೊಸ ಮಾತು ಉಳಿದಿರಲಿಲ್ಲ.

“ಇದು ಕುರೀ ಕಾಲು ಇದ್ದಿದ್ದರ ಏನ್ ಮಾಡ್ತಿದ್ರಿ?” ಎಂದು ಕೇಳಿದೆ. ಒಪ್ಪಿಸಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು.

ಅವನು ಎರಡೂ ಕೈಯಿಂದ ತನ್ನ ಪಾದವನ್ನು ತೊಡೆಯ ಮೇಲೆ ತಂದುಕೊಂಡ. ಅಂಗಾಲು ಬೆಳಕಿಗೆ ತಿರುಗಿಸಿದ. ಹೆಬ್ಬೆರಳನ್ನು ಅಗಲಿಸಿ ಒಳಗೆ ನೋಡಿದ, ಬಗ್ಗಿ ವಾಸನೆ ನೋಡಿದ, ಕಪ್ಪಾದ ಬೆರಳನ್ನು ಹಿಸುಕಿ ಬಿಸಿ ಇದೆಯೇ ತಣ್ಣಗಿದೆಯೇ ಎಂದು ನೋಡಿದ. ಅದು ತನ್ನ ಕಾಲೆಂಬುದನ್ನು ಮರೆತವನ ಹಾಗೆ ಬಹಳ ಹೊತ್ತು ನೋಡಿದ.

“ಕುಂಟೋ ಕುರಿ ಉಳೀತದ,” ಎಂದ ಕೊನೆಗೆ. “ಅದು ಕುಂಟ್ತದ, ನಾವು ಹಿಡದು ನೋಡ್ತೀವಿ. ಕುಂಟದ ಕುರಿ ಕೆಟ್ಟದ್ದು. ಹಿಂಡಿನ ಸಂಗಾಟ ನಡದು ನಡದು ಒಂದಿನ ಒಮ್ಮಿಗೇ ಬೀಳ್ತದ. ಅವಾಗ ನೋಡಿದ್ರ ಗೊರಸ ಇರಲ್ಲ.” ಕಾಲು ಕೆಳಗಿಟ್ಟ. “ಮಾಳವ್ವಾ, ನಿನ್ನ ತಮ್ಮಗ ಫೋನ್ ಹಚ್ಚು. ಹಿಂಡು ಹಿಡೀಲಾಕ ಬಾ ಅನ್ನು.”

ಗಾಡಿಗಾಗಿ ನಮ್ಮ ಮೇಲ್ವಿಚಾರಕ ರವಿಕಾಂತನಿಗೆ ಫೋನ್ ಮಾಡಿದೆ. ಹಬ್ಬದ ದಿನವಾದರೂ ಅರ್ಧ ತಾಸಿನಲ್ಲಿ ಗಾಡಿ ಕಳಿಸಿದ. ಹಸಿರು ಒತ್ತಿದ್ದನ್ನು ತಿದ್ದಬೇಕು ಎಂದೆ.

“ಆ ತಿಂಗಳ ರಿಪೋರ್ಟ್ ಹೋಗ್ಯದ ಪ್ರಣಿತಾ, ಅದು ಈಗ ತೆರಿಯಲ್ಲ. ಇವತ್ತಿನ ತಾರೀಖಿಗಿ ಹೊಸದು ಹಾಕು.” ಸ್ವಲ್ಪ ತಡೆದು, “ಊಟ ಮಾಡಿದ್ಯಾ?” ಎಂದು ಕೇಳಿದ. ಅವನೂ ದಣಿದಿದ್ದ. ಹೊಸದು ಹಾಕಿದೆ. ಆ ಲೆಕ್ಕದ ಪ್ರಕಾರ ಅಮೋಘಸಿದ್ಧನ ಕಾಲು ದೀಪಾವಳಿಯ ಹೊತ್ತಿಗೆ ಚೆನ್ನಾಗಿತ್ತು, ಎಳ್ಳಮಾಸಿಗೆ ಚೆನ್ನಾಗಿರಲಿಲ್ಲ.

ಲಾತೂರಿನಲ್ಲಿ ಡಾಕ್ಟರು ಮರಾಠಿಯಲ್ಲಿ ಇದಕ್ಕೇನು ಹಚ್ಚಿದಿರಿ ಎಂದು ಕೇಳಿದರು. ಮೋರಚೂದ ಎಂದಾಗ ಕೈಗವಸು ಕಳಚಿ ಕ್ಷಣಹೊತ್ತು ಗೋಡೆ ನೋಡಿದರು. ನೀವು ಯಾರು, ಮಗಳಾ ಎಂದು ನನ್ನನ್ನು ಕೇಳಿದರು. ಮೊದಲು ಪಾದ ನೋಡಿದವಳು ನಾನೇ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಳ್ಳಿನ ಕೀವು ಮೂಳೆ ಮುಟ್ಟಿತ್ತು, ಮೋರಚೂದ ಮೇಲಿನ ಮಾಂಸ ಸುಟ್ಟಿತ್ತು. ಐದೂ ಬೆರಳು, ಪಾದದ ಮುಂಭಾಗ ತೆಗೆದರು. ಹಿಮ್ಮಡಿ ಉಳಿಯಿತು. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದರು. ದೀಪಾವಳಿಯಲ್ಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ.

ಮೂರು ವಾರದ ಮೇಲೆ ಅಮೋಘಸಿದ್ಧನನ್ನು ಮಾಣಿಕಪ್ಪನವರ ಹೊಲಕ್ಕೇ ಕರೆತಂದೆವು. ಹೊಲದ ಮನೆಯ ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಮಾಳಮ್ಮನ ತಮ್ಮ ಸಿದ್ದರಾಮ ಅಲ್ಲಿಯವರೆಗೆ ಹಿಂಡನ್ನು ಅಕ್ಕಪಕ್ಕದಲ್ಲೇ ಮೇಯಿಸಿಕೊಂಡಿದ್ದ. ಈಗ ಅಲ್ಲಿ ಮೇವು ಉಳಿದಿರಲಿಲ್ಲ. ನೂರು ಕುರಿ ಒಬ್ಬನ ಕೈಗೆ ನಿಲ್ಲುವುದಿಲ್ಲ, ಮಾಳಮ್ಮನೂ ಹೋಗಲೇಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಹಿಂಡು ದೇವಣಿಯ ದಾರಿ ಹಿಡಿಯಿತು. ಅವನನ್ನು ಬಾಗಿಲಲ್ಲಿ ಹಗ್ಗದ ಮಂಚದ ಮೇಲೆ ಕೂಡಿಸಿದ್ದರು.

“ಬೂದಿ ಬಣ್ಣದ್ದು ಹಿಂದ ಬೀಳ್ತದ, ನೋಡ್ಕೋ,” ಎಂದ ಹೆಂಡತಿಗೆ. “ಗಬ್ಬದವು ನಾಲ್ಕು ಅವ. ನೀರಿಗಿ ಓಡಸಬ್ಯಾಡ್ರಿ.”

“ನನಗ ಕಲಸ್ತೀಯೇನ? ಗಬ್ಬದವು ಐದು ಅವ.” ಮಾಳಮ್ಮ ಕಂಬಳಿ ಹೆಗಲಿಗೆ ಹಾಕಿಕೊಂಡಳು. “ಶೇವಂತಾಬಾಯಾರು ಬಿಸಿ ರೊಟ್ಟಿ ಕಳಸ್ತಾರ. ಕುಂತು ಉಣ್ಣೂ ನಸೀಬ ಬಂದದ, ಉಣ್ಣು. ಗುಳಿಗಿ ತಪ್ಪಿಸಿದ್ರ ಈ ಬಾಯಿ ನನಗ ಫೋನ್ ಮಾಡ್ತಾಳ.” ತಿರುಗಿ ನೋಡದೆ ಹೋದಳು. ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಹಿಂಡಿಗಾಗಿ ನಿಂತಿತ್ತು. ಕೊನೆಯ ಕುರಿ ದಾಟಿದ ಮೇಲೆ ಅದೂ ಹೋಯಿತು. ಹೊಲದಲ್ಲಿ ಹಿಕ್ಕೆಯ ವಾಸನೆ ಉಳಿಯಿತು.

ನೀರು ಕಾಯಿಸಿ ಆರಿಸಿ, ಕೈ ತೊಳೆದು, ಬ್ಯಾಂಡೇಜು ಬಿಚ್ಚಿದೆ. ಹೊಲಿಗೆ ಕೂಡಿಕೊಂಡಿತ್ತು. ಕೆಂಪಿರಲಿಲ್ಲ, ಕೀವಿರಲಿಲ್ಲ. ಆಸ್ಪತ್ರೆಯಲ್ಲಿ ಬ್ಯಾಂಡೇಜು ಬದಲಿಸುವಾಗೆಲ್ಲ ಅವನು ಮುಖ ಆಚೆ ಮಾಡುತ್ತಿದ್ದನಂತೆ. ಈಗ ಮುಂದೆ ಬಗ್ಗಿ ನೋಡಿದ.

“ಅರ್ಧಾ ಉಳದದ,” ಎಂದ.

“ಹೂಂ. ಅರ್ಧಾ.”

“ಇದರ ಮ್ಯಾಲ ಹಿಂಡಿನ ಹಿಂದ ನಡಿಲಾಕ ಆಗ್ತದೇನು?”

ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. ಧೈರ್ಯ ತುಂಬಬೇಕು, ಮುಂದಿನ ಹೆಜ್ಜೆ ತಿಳಿಸಬೇಕು. ಮೂರು ತಿಂಗಳಿಗೆ ವಿಶೇಷ ಚಪ್ಪಲಿ ಬರುತ್ತದೆ, ಊರೊಳಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ್ದರು. ಹಿಂಡಿನ ಮಾತು ಅವರನ್ನು ನಾನು ಕೇಳಿರಲಿಲ್ಲ. ಕೇಳಲು ಧೈರ್ಯ ಬಂದಿರಲಿಲ್ಲ.

“ಊರಾಗ ನಡೀಬಹುದು,” ಎಂದೆ. “ಹಿಂಡಿನ ಹಿಂದ ಆಗಲ್ಲ ಅಂತ ಅನಸ್ತದ ಕಾಕಾ.”

ಅವನು ತಲೆಯಾಡಿಸಿದ. ನನ್ನ ಮೇಲೆ ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ರಸ್ತೆಯ ಕಡೆ ನೋಡಿದ. ಧೂಳು ಆಗಲೇ ಕೂತಿತ್ತು.

“ಹಾಂ,” ಎಂದ. “ಕಟ್ಟು ಈಗ.”

ಹತ್ತಿ ಇಟ್ಟು, ಹಿಮ್ಮಡಿಯಿಂದ ಶುರುಮಾಡಿ ಕಟ್ಟತೊಡಗಿದೆ.