ಅನುಮಾನಪ್ಪನವರು ಕಂಡ ಶೇಷನಗರ

ಬೇರೆಯವರು ತೆರೆದು ಹಿಡಿದ ಬಾಗಿಲಿನಿಂದ ಅವರು ಎಂದೂ ಒಳಗೆ ಬಂದವರಲ್ಲ. ಸೌಜನ್ಯಕ್ಕೆಂದು ಯಾರಾದರೂ ಹಾಗೆ ಹಿಡಿದು ನಿಂತರೆ ಅವರು ಹೊಸ್ತಿಲಿನಾಚೆಯೇ ತಡೆದು, ಹಿಡಿದವರ ಮುಖವನ್ನೊಮ್ಮೆ, ಬಾಗಿಲಿನ ಹಿಂಬದಿಯನ್ನೊಮ್ಮೆ ಅವಲೋಕಿಸಿ, "ನೀವು ಹೋಗಿ, ನಾನು ಬರ್ತೀನಿ" ಎನ್ನುವರು; ಬಾಗಿಲು ಪೂರ್ತಿ ಮುಚ್ಚಿಕೊಂಡ ಮೇಲೆ ತಮ್ಮ ಕೈಯಿಂದಲೇ ತಳ್ಳಿ ಪ್ರವೇಶಿಸುವರು. ನಮ್ಮ ವಾರಪತ್ರಿಕೆಯ ಕಚೇರಿಗೆ ಅವರು ಮೊದಲ ಬಾರಿ ಕಾಲಿಟ್ಟದ್ದು ೨೦೦೮ನೆಯ ಇಸವಿ ಜೂನ್ ೯ರಂದು, ಸೋಮವಾರ. ಜುಲೈ ಎಂದು ವಾದಿಸುವವರಿದ್ದಾರೆ, ಅದು ತಪ್ಪು. ಅಂದು ಬಾಗಿಲು ಹಿಡಿದು ನಿಂತು ಮುಖಭಂಗ ಅನುಭವಿಸಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತು ಪ್ರಮಾಣ.

ನಾನು ಆ ಪತ್ರಿಕೆಯಲ್ಲಿ ಕರಡು ತಿದ್ದುವವನಾಗಿದ್ದೆ. ಒಂದು ದಿನವೂ ಪಾಠ ಹೇಳಿದವನಲ್ಲದಿದ್ದರೂ ಎಲ್ಲರೂ ನನ್ನನ್ನು ಮೇಷ್ಟ್ರೆಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ನನಗೆ ಮುಖಭಂಗ ಮಾಡಿದ ಅವರು ವಿಡಿಯೋ ಆಟಗಳನ್ನು ಕುರಿತು ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ತಲೆ ನರೆತ ಗೃಹಸ್ಥರೊಬ್ಬರು ಇಂಥ ಆಟಗಳನ್ನು ಆಡಿ, ಅವುಗಳ ಗುಣದೋಷಗಳನ್ನು ಗಂಭೀರವಾಗಿ ವಿಮರ್ಶಿಸುವುದೆಂದರೇನೆಂದು ನನಗೆ ಮೊದಮೊದಲು ಅನುಮಾನವಿತ್ತು. ಕಚೇರಿಯವರು ಅವರಿಗಿಟ್ಟಿದ್ದ ಹೆಸರಾದರೋ ಅನುಮಾನಪ್ಪ. ಹೀಗೆ ನಮ್ಮ ಸ್ನೇಹ ಪರಸ್ಪರ ಅಪನಂಬಿಕೆಯ ಭದ್ರವಾದ ಬುನಾದಿಯ ಮೇಲೆ ಪ್ರಾರಂಭವಾಯಿತು.

ಅವರು ನಡೆಯುತ್ತಿದ್ದುದು ಗೋಡೆಯ ಪಕ್ಕಕ್ಕೆ, ಒಂದು ಭುಜ ತುಸು ಮುಂದಾಗಿ. ಮೂಲೆ ಬಂದೊಡನೆ ಮಾತ್ರ ಗೋಡೆಯನ್ನು ಬಿಟ್ಟು ದೊಡ್ಡ ಸುತ್ತು ಹಾಕಿ, ಆಚೆ ಯಾರಿದ್ದಾರೆಂದು ನೋಡಿಕೊಂಡೇ ತಿರುಗುವರು. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಉಣ್ಣೆಯ ಕೋಟಿಗೆ ಒಳಜೇಬುಗಳೇ ಹೆಚ್ಚು. ಚಹಾ ಬಂದರೆ ಮೊದಲು ಲೋಟವನ್ನೆತ್ತಿ ಅದರ ತಳ ನೋಡುವರು. ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ "ಯಾರು ಹೇಳಿದ್ದು?" ಎಂದು ಎದ್ದು ಹೋಗಿ, ಕಿಟಕಿಯಿಂದ ಕೈ ಹೊರಗೆ ಚಾಚಿ, ಒದ್ದೆಯಾದ ಅಂಗೈಯನ್ನು ಕೆಲಹೊತ್ತು ಪರಿಶೀಲಿಸಿ, ಮರಳಿ ಬಂದು ಕೂರುವರು. ಆ "ಯಾರು ಹೇಳಿದ್ದು?" ಅವರ ಉಸಿರಿನೊಂದಿಗೆ ಬೆರೆತುಹೋಗಿತ್ತು. ಒಮ್ಮೆ ನಮ್ಮ ಲೆಕ್ಕಿಗರು ಅವರ ಹುಟ್ಟುಹಬ್ಬಕ್ಕೆ ಶುಭ ಕೋರಿದಾಗಲೂ ಅದೇ ಪ್ರಶ್ನೆ.

"ನಿಮ್ಮ ಅರ್ಜೀಲೇ ಇದೆಯಲ್ಲ ಸಾರ್, ನೀವೇ ಬರೆದಿದ್ದು."

"ನಾನು ಬರೆದೆ, ಸರಿ. ನನಗೆ ಯಾರು ಹೇಳಿದ್ದು? ನಮ್ಮಮ್ಮ. ಆಯಮ್ಮನಿಗೆ ಅವತ್ತು ಮೈಮೇಲೆ ಜ್ಞಾನ ಇತ್ತಾ?"

ಆಟಗಳ ವಿಷಯದಲ್ಲಿ ಈ ಸ್ವಭಾವ ಒಂದು ಶಾಸ್ತ್ರವೇ ಆಗಿಬಿಟ್ಟಿತ್ತು. ಕಂಪನಿಗಳು ವಿಮರ್ಶಕರಿಗೆಂದು ಕಳುಹಿಸುವ ಪ್ರತಿಯನ್ನು ಅವರು ಮುಟ್ಟುತ್ತಿರಲಿಲ್ಲ. "ಬೀಗರ ಪಂಕ್ತೀಗೆ ಬೇರೆ ಅಡುಗೆ ಮಾಡಿರ್ತಾರೆ ಮೇಷ್ಟ್ರೇ" ಎಂಬುದು ಅವರ ವಾದ. ಪ್ರತಿಸಲ ಬೇರೊಂದು ಬಡಾವಣೆಯ ಬೇರೊಂದು ಅಂಗಡಿಗೆ ಹೋಗಿ, ಸಾಲಿನ ಹಿಂದಿನಿಂದ ಡಿಸ್ಕನ್ನು ಎಳೆದು ಕೊಳ್ಳುವರು. ಕಚೇರಿಯ ಹಿಂದಿನ ಕೋಣೆಯಲ್ಲಿ ಅದನ್ನು ಯಂತ್ರಕ್ಕೆ ಹಾಕುವ ಮುನ್ನ, ಗೋಡೆಯಿಂದ ಯಂತ್ರಕ್ಕೆ ಬರುವ ಇಂಟರ್ನೆಟ್ ತಂತಿಯನ್ನು ಕಿತ್ತು, ಸುರುಳಿ ಸುತ್ತಿ, ಕೋಟಿನ ಒಳಜೇಬಿಗೆ ಇಳಿಸುವರು. ತಂತಿಯಿದ್ದರೆ ಕಂಪನಿಯವರು ಹೊರಗಿನಿಂದ ಏನನ್ನೋ ಸೇರಿಸಿ ಕಣ್ಣಿಗೆ ಮಣ್ಣೆರಚುತ್ತಾರೆಂಬ ಶಂಕೆ. ಆಮೇಲೆ ಆಟದೊಳಗೆ ಎಲ್ಲರಂತೆ ಓಡದೆ, ಒಂದು ಮೂಲೆಯಲ್ಲಿ ಸುಮ್ಮನೆ ನಿಂತುಬಿಡುವರು. ಆಡುವವನು ಏನನ್ನೂ ಮಾಡದಿದ್ದಾಗ ಆ ಲೋಕ ಏನು ಮಾಡುತ್ತದೆ ಎಂಬುದೇ ಅವರ ಪರೀಕ್ಷೆ.

ಈ ಶಾಸ್ತ್ರಕ್ಕೆ ಕಂಟಕವಾಗಿ ಬಂದದ್ದು ೨೦೧೭ನೆಯ ಇಸವಿ ಅಕ್ಟೋಬರ್ ೨೪ರ ಮಂಗಳವಾರ ಬಿಡುಗಡೆಯಾದ ಒಂದು ಆಟ. ಅದರ ಹೆಸರನ್ನು ನಾನು 'ಶೇಷನಗರ' ಎಂದು ಅನುವಾದಿಸಿದ್ದೆ. ರೋಗದಿಂದ ಸತ್ತು ಮತ್ತೆ ಎದ್ದವರು ಒಂದು ನಗರವನ್ನು ತುಂಬಿಕೊಂಡಿದ್ದಾರೆ. ಆಡುವವನು ಬಂದೂಕು ಹಿಡಿದು, ಆಹಾರ ಹುಡುಕಿ, ಒಂದು ಮನೆಯನ್ನು ಭದ್ರಪಡಿಸಿಕೊಂಡು ಬದುಕುಳಿಯಬೇಕು. ಅವರ ಬರಹದಲ್ಲಿದ್ದ ಜೋಂಬಿಯೆಂಬ ಶಬ್ದವನ್ನು ಹೊಡೆದು ನಾನು 'ನಡೆವ ಹೆಣ' ಎಂದು ತಿದ್ದಿದ್ದಕ್ಕೆ ಅವರು ಒಪ್ಪಲಿಲ್ಲ. "ಹೆಣ ಅಂದ್ರೆ ನಮ್ಮ ಮನೆಯೋರು ಅನ್ಸುತ್ತೆ ಮೇಷ್ಟ್ರೇ. ಜೋಂಬಿ ಅಂದ್ರೆ ಯಾರೋ ಬೇರೆಯೋರು. ಗುಂಡು ಹೊಡೆಯೋಕೆ ಸಂಕೋಚ ಇರಲ್ಲ." ಆ ತಿದ್ದುಪಡಿಯನ್ನು ನಾನು ಹಿಂತೆಗೆದುಕೊಂಡೆ.

ಆ ಆಟದ ಜಾಹೀರಾತು ಒಂದು ಭಾರಿ ಆಶ್ವಾಸನೆ ಕೊಟ್ಟಿತ್ತು. ಇಲ್ಲಿ ಸತ್ತವರು ತಮ್ಮ ದಿನಚರಿಯನ್ನು ಮರೆತಿಲ್ಲ. ಅಂಚೆಯವನು ಮನೆಮನೆಗೆ ಅಲೆಯುತ್ತಾನೆ, ದರ್ಜಿ ತನ್ನ ಅಂಗಡಿಗೆ ಮರಳುತ್ತಾನೆ ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಅನುಮಾನಪ್ಪನವರ ತಂಗಿಯ ಮಗಳು ಆ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆಟದ ಯಾವ ಭಾಗ ಅವಳದೆಂದು ಅವಳು ಹೇಳಿರಲಿಲ್ಲ, ಕರಾರು ಹಾಗಿತ್ತು. ಅವರು ಕೇಳಿರಲಿಲ್ಲ, ಕೇಳಿದರೆ ಸಾಕ್ಷ್ಯ ಕೆಡುತ್ತದೆಂದು. ಕಚೇರಿಯಲ್ಲಿ ಮಾತ್ರ ಇದು ಎಲ್ಲರಿಗೂ ತಿಳಿದಿತ್ತು, ಮತ್ತು ಅವರೇನು ಬರೆಯುತ್ತಾರೆಂದು ಎಲ್ಲರೂ ಕಿವಿ ನಿಮಿರಿಸಿಕೊಂಡಿದ್ದರು.

ಒಂದು ಮಧ್ಯಾಹ್ನ ನಾನು ಹಿಂದಿನ ಕೋಣೆಗೆ ಇಣುಕಿದಾಗ ಅವರು ಪರದೆಯ ಮುಂದೆ ಶಿಲೆಯಂತೆ ಕುಳಿತಿದ್ದರು. ಪರದೆಯೊಳಗಿನ ಬೀದಿಯಲ್ಲಿ ಜೋಂಬಿಗಳ ಒಂದು ಗುಂಪು ಗೋಡೆಗೆ ಮುಖಮಾಡಿ, ತಪ್ಪು ಮಾಡಿದ ಶಾಲಾಮಕ್ಕಳಂತೆ ನಿಂತಿತ್ತು.

"ಏನು ಮಾಡ್ತಿದ್ದಾರೆ ಇವರು?" ಎಂದೆ.

"ನನಗೆ ಕಾಯ್ತಿದ್ದಾರೆ. ನಾನು ಹತ್ರ ಹೋದ್ರೆ ತಿರುಗಿ ಕಚ್ಚೋಕೆ ಬರ್ತಾರೆ, ದೂರ ಬಂದ್ರೆ ಮತ್ತೆ ಗೋಡೆ. ಇವರಿಗೆ ಹಸಿವೂ ಇಲ್ಲ, ನೆನಪೂ ಇಲ್ಲ. ಪೋಸ್ಟ್‌ಮ್ಯಾನ್ ಅಂತೆ! ನೋಡಿ ಅವನನ್ನ, ಚೀಲ ಹಾಕ್ಕೊಂಡು ಗೋಡೆ ಮೂಸ್ತಿದ್ದಾನೆ."

ಉಳಿದ ದೂರುಗಳಿಗೂ ಕೊರತೆಯಿರಲಿಲ್ಲ. ಅಂಗಡಿಗಳ ಕಪಾಟುಗಳಲ್ಲಿ ಡಬ್ಬಿಗಳು ತುಂಬಿವೆ, ಆದರೆ ಅವು ಬಣ್ಣ ಬಳಿದ ಚಿತ್ರಗಳು. ನಾಯಕ ಅವುಗಳ ನಡುವೆಯೇ ಹಸಿವಿನಿಂದ ಕುಸಿಯುತ್ತಾನೆ. ಬಂದೂಕಿನ ಸದ್ದು ತಗಡಿನ ಡಬ್ಬಿ ಉರುಳಿದಂತೆ. ಜೊತೆಗಾರರು ಹೇಳಿದ್ದನ್ನೇ ಹೇಳುತ್ತಾರೆ. ಹೋಗು, ತಾ, ಮನೆ ಕಾಯಿ. ಮತ್ತೆ ಹೋಗು, ತಾ, ಮನೆ ಕಾಯಿ. ಎಲ್ಲಕ್ಕಿಂತ ಅವರನ್ನು ಕೆರಳಿಸಿದ್ದು ದೊಡ್ಡ ಕಾಳಗಗಳ ಮುನ್ನ ದಾರಿಯಲ್ಲಿ ಧಾರಾಳವಾಗಿ ಬಿದ್ದಿರುತ್ತಿದ್ದ ತೋಟಾಗಳ ರಾಶಿ. "ಪುಕ್ಕಟೆ ಇಷ್ಟು ಕೊಡ್ತಿದ್ದಾರೆ ಅಂದ್ರೆ ಮುಂದಿನ ಬಾಗಿಲಲ್ಲಿ ಏನೋ ಇದೆ ಅಂತ ಮಗೂಗೂ ಗೊತ್ತಾಗುತ್ತೆ. ಹೆದರಿಸೋಕೂ ಒಂದು ಮರ್ಯಾದೆ ಬೇಡ್ವಾ?"

ಅವರು ಬರೆದ ವಿಮರ್ಶೆಯಲ್ಲಿ ಇದೆಲ್ಲವೂ ಇತ್ತು. ನಾನು ಅಲ್ಪವಿರಾಮಗಳನ್ನಷ್ಟೇ ಸರಿಪಡಿಸಿದೆ. ಆದರೆ ಕೊನೆಯಲ್ಲೊಂದು ವಾಕ್ಯವಿತ್ತು: "ಸತ್ತವರ ದಿನಚರಿ ಎಂಬುದು ಸುಳ್ಳು, ಅದನ್ನು ಇವರು ಮಾಡಿಯೇ ಇಲ್ಲ." ನನ್ನ ಲೇಖನಿ ಅಲ್ಲಿ ನಿಂತಿತು. ನೆಂಟಸ್ತನದ ಕಾರಣಕ್ಕೆ ಮೃದುವಾದರೆಂದು ಜನ ಆಡಿಕೊಂಡಾರೆಂಬ ಭಯದಿಂದಲೇ ಇವರು ಈ ಕಟುಶಬ್ದವನ್ನು ಆರಿಸಿಕೊಂಡರೇ ಎಂದು ನನಗೆ ಸಂದೇಹವಾಯಿತು. 'ಸುಳ್ಳು' ಎಂಬಲ್ಲಿ 'ನಿರಾಶಾದಾಯಕ' ಎಂದಿಡಬಹುದೇ ಎಂದು ಕೇಳಿದೆ. ಅವರು ಆಗದೆಂದು ತಲೆಯಾಡಿಸಿದರು. ವಿಷಯ ಸಂಪಾದಕಿಯವರೆಗೂ ಹೋಯಿತು. ಆಕೆ ಕಡಿಮೆ ಮಾತಿನ ಹೆಂಗಸು.

"ಇದು ಆರೋಪ. ಆಮೇಲೆ ತಪ್ಪು ಅಂತಾದ್ರೆ ನಿಮ್ಮ ಅಂಕಣ ಇರಲ್ಲ. ಈಗಲೇ ಹೇಳಿದ್ದೀನಿ."

"ತಪ್ಪು ಅಂತಾದ್ರೆ ನಿಲ್ಲಿಸಿ ಮೇಡಂ" ಎಂದರು ಅವರು, ಅಂಥ ದಿನ ಬಾರದೆಂಬ ಧೈರ್ಯದಲ್ಲಿ.

ನವೆಂಬರ್ ೩ರ ಶುಕ್ರವಾರದ ಸಂಚಿಕೆಯಲ್ಲಿ ವಿಮರ್ಶೆ ಪ್ರಕಟವಾಯಿತು. ಮರುದಿನದಿಂದಲೇ ಓದುಗರ ಪತ್ರಗಳು ಬರತೊಡಗಿದವು. ನಿಮ್ಮವರು ಯಾವ ಆಟ ಆಡಿದರು, ನಮ್ಮ ಮನೆಯಲ್ಲಿ ಅಂಚೆಯವನು ಅಲೆಯುತ್ತಿದ್ದಾನಲ್ಲ ಎಂದು ಎಲ್ಲರದೂ ಒಂದೇ ಪ್ರಶ್ನೆ. ಅನುಮಾನಪ್ಪನವರು ಆ ಪತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಇದೆಲ್ಲ ಒಂದೇ ಕೈ. ಕಂಪನಿಯೋರೇ ಕೂತು ಬರೆಸಿದ್ದಾರೆ" ಎಂದು ತೀರ್ಪಿತ್ತರು. ಆದರೆ ಅಂದಿನಿಂದ ಚಹಾದ ಲೋಟದ ತಳವನ್ನು ಅವರು ಎರಡೆರಡು ಬಾರಿ ನೋಡತೊಡಗಿದ್ದನ್ನು ನಾನು ಗಮನಿಸಿದೆ.

೮ನೆಯ ತಾರೀಖು, ಬುಧವಾರ ಬೆಳಿಗ್ಗೆ, ತಂಗಿಯ ಮಗಳು ನೇರವಾಗಿ ಕಚೇರಿಗೇ ಬಂದಳು. ನಿದ್ರೆಗೆಟ್ಟ ಕಣ್ಣು, ಹೆಗಲಲ್ಲಿ ಚೀಲ. ನಮಸ್ಕಾರ ಗಿಮಸ್ಕಾರ ಯಾವುದೂ ಇಲ್ಲ.

"ಮಾವ, ತಂತಿ ಎಲ್ಲಿ?"

"ಯಾವ ತಂತಿ?"

"ನಾಟಕ ಬೇಡ. ಅಜ್ಜಿ ಮನೇಲೂ ಕಿತ್ತು ಜೇಬಲ್ಲಿ ಇಟ್ಕೊಂಡಿದ್ರಲ್ಲ, ಆ ತಂತಿ. ಅದನ್ನ ಹಾಕದೇ ಆಡಿದ್ದೀರಿ, ಅಲ್ವಾ?"

"ಯಾವಾಗ್ಲೂ ಹಾಗೇ ಆಡೋದು."

ಅವಳು ಕುರ್ಚಿಯಲ್ಲಿ ಕುಸಿದು ಕುಳಿತಳು. "ಆ ಪೋಸ್ಟ್‌ಮ್ಯಾನ್ ನನ್ನವನು ಮಾವ. ಅವನಿಗೆ ನಡಿಗೆ ಕೂರಿಸೋಕೆ ನನಗೆ ಒಂದು ಬೇಸಿಗೆ ಪೂರ್ತಿ ಹಿಡೀತು. ಡಿಸ್ಕ್ ತಯಾರಾಗೋ ಹೊತ್ತಿಗೆ ಮುಗಿದಿರಲಿಲ್ಲ. ಅದಕ್ಕೇ ಆ ಭಾಗಾನ ಆಮೇಲೆ ಇಂಟರ್ನೆಟ್ಟಲ್ಲಿ ಬಿಟ್ವಿ. ಊರಿಗೆಲ್ಲ ಸಿಕ್ಕಿದೆ, ನಿಮಗೊಬ್ಬರಿಗೆ ಸಿಕ್ಕಿಲ್ಲ."

"ಆಮೇಲೆ ಅಂದ್ರೆ? ನನ್ನ ವಿಮರ್ಶೆ ಬಂದ ಮೇಲೆ?"

"ಆಟ ಬಂತಲ್ಲ, ಅದೇ ದಿನ. ಇಪ್ಪತ್ನಾಲ್ಕನೇ ತಾರೀಖು."

"ಯಾರು ಹೇಳಿದ್ದು?"

"ನಾನು ಹೇಳ್ತಿರೋದು! ನಿಮ್ಮ ತಂಗಿ ಮಗಳು! ಸಾಲದಾ?"

ಅವರು ಒಳಜೇಬಿಗೆ ಕೈ ಹಾಕಿ ತಂತಿಯ ಸುರುಳಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಸಿಕ್ಕಿಸಿದಳು. ಹೊಸ ಭಾಗ ಇಳಿದು ಬರುವವರೆಗೂ ಮಾವ ಸೊಸೆಯರಿಬ್ಬರೂ ಪರಸ್ಪರ ಮುಖ ನೋಡದೆ ಪರದೆಯನ್ನೇ ದಿಟ್ಟಿಸುತ್ತಿದ್ದರು. ಅದರ ಮೂಲೆಯಲ್ಲಿ ಆ ಭಾಗ ಬಿಡುಗಡೆಯಾದ ದಿನಾಂಕ, ಅಕ್ಟೋಬರ್ ೨೪, ಸ್ಪಷ್ಟವಾಗಿ ಮೂಡಿತ್ತು. ದಿನಾಂಕಗಳ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಅಂದು ತಪ್ಪಿದ್ದರೆ ಚೆನ್ನಾಗಿತ್ತೆನಿಸಿತು.

ಅದೇ ಬೀದಿ. ಈಗ ಗೋಡೆಯ ಬಳಿ ಯಾರೂ ಇರಲಿಲ್ಲ. ಅಂಚೆಯವನು ಹರಿದ ಖಾಲಿ ಚೀಲವನ್ನು ಹೆಗಲಿಗೇರಿಸಿ, ಒಂದು ಕಾಲನ್ನು ಎಳೆಯುತ್ತ, ಒಂದೊಂದು ಗೇಟಿನ ಮುಂದೆಯೂ ನಿಂತು, ಕೈಯೆತ್ತಿ, ಇಲ್ಲದ ಕಾಗದವನ್ನು ಡಬ್ಬಿಗೆ ಹಾಕಿ ಮುಂದೆ ಸಾಗುತ್ತಿದ್ದ. ಅನುಮಾನಪ್ಪನವರು ಬಂದೂಕನ್ನು ಕೆಳಗಿಳಿಸಿ ಅವನ ಹಿಂದೆಯೇ ನಡೆದರು. ಒಂದು ಮನೆಯ ಮುಂದೆ ಅವನು ಬಹಳ ಹೊತ್ತು ನಿಂತ. ಡಬ್ಬಿಗೆ ಕೈ ಹಾಕಲಿಲ್ಲ.

"ಇಲ್ಲಿ ಯಾಕೆ ನಿಂತ?"

"ಅದು ಅವನ ಮನೆ."

ಅನುಮಾನಪ್ಪನವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಆಟದೊಳಗಿನ ಯಾವುದೋ ಗಂಟೆ ಬಾರಿಸಿ, ಮನೆ ಕಾಯಿ ಎಂದು ಕೆಂಪಕ್ಷರಗಳು ಮಿನುಗಿ, ಬೀದಿಯ ಜೋಂಬಿಗಳೆಲ್ಲ ಒಮ್ಮೆಗೇ ತಿರುಗಿ ನುಗ್ಗಿದವು; ಅಂಚೆಯವನೂ ಅವುಗಳಲ್ಲೊಬ್ಬನಾಗಿ ಹಲ್ಲು ಕಿರಿಯುತ್ತ ಓಡಿಬಂದ. ಅವರು ಗುಂಡು ಹಾರಿಸಲಿಲ್ಲ. ಪರದೆ ಕೆಂಪಾಯಿತು, ನಾಯಕ ಸತ್ತ.

"ನಿನ್ನವನು ಚೆನ್ನಾಗಿದ್ದಾನೆ ಪುಟ್ಟಿ" ಎಂದರು. "ನಿಮ್ಮ ಆಟ ಚೆನ್ನಾಗಿಲ್ಲ. ಅವನನ್ನ ನೋಡೋಕೆ ಪುರುಸೊತ್ತೇ ಕೊಡಲ್ವಲ್ಲ."

"ಗೊತ್ತು ಮಾವ. ಮೀಟಿಂಗಲ್ಲಿ ಬಾಯಿ ಬಡ್ಕೊಂಡೆ. ನಿಧಾನ ಮಾಡಿದ್ರೆ ಜನ ಎದ್ದು ಹೋಗ್ತಾರೆ ಅಂದ್ರು."

"ಯಾರು ಹೇಳಿದ್ದು?"

ಅವಳು ಫಕ್ಕನೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ನಾನು ಅವರಿಗೊಂದು ಹಾದಿ ತೋರಿಸಿದೆ. ಪೆಟ್ಟಿಗೆಯ ಮೇಲೆ ಅಚ್ಚಾದದ್ದು ಪೆಟ್ಟಿಗೆಯೊಳಗೆ ಇರಲಿಲ್ಲವೆಂಬುದು ನಿಜವೇ ಅಲ್ಲವೆ? ತಂತಿಯಿಲ್ಲದ ಮನೆಯವನಿಗೆ ಅದು ಮೋಸವೇ ಅಲ್ಲವೆ? ಹಾಗೆಂದು ಬರೆದು ಅಂಕಣವನ್ನು ಉಳಿಸಿಕೊಳ್ಳಬಹುದಿತ್ತು, ನ್ಯಾಯಸಮ್ಮತವಾಗಿಯೇ ಉಳಿಸಿಕೊಳ್ಳಬಹುದಿತ್ತು.

"ಅದನ್ನೂ ಬರೀತೀನಿ" ಎಂದರು. "ಆದ್ರೆ ನಾನು ಅವತ್ತು ಬರೆದಿದ್ದು ಅದಲ್ಲ ಮೇಷ್ಟ್ರೇ. ಮಾಡಿಯೇ ಇಲ್ಲ ಅಂತ ಬರೆದೆ. ಆ ಹುಡುಗಿ ಮಾಡಿದ್ದಾಳೆ. ಎಲ್ಲರ ಮೇಲೂ ಅನುಮಾನಪಟ್ಟೆ, ಆ ತಂತಿ ಕೀಳೋ ನನ್ನ ಕೈ ಮೇಲೊಂದು ಬಿಟ್ಟು."

ಸಂಪಾದಕಿ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ತಿದ್ದುಪಡಿ ಸಾಕೆಂದರು. ಅಂಕಣದ ಮಾತೆತ್ತಲಿಲ್ಲ, ಬಹುಶಃ ಎತ್ತುವ ಮನಸ್ಸೂ ಇರಲಿಲ್ಲ. ಒಪ್ಪದಿದ್ದವರು ಅನುಮಾನಪ್ಪನವರೇ. ಆರೋಪ ಬಂದ ಜಾಗದಲ್ಲೇ, ಅದೇ ಅಕ್ಷರಗಾತ್ರದಲ್ಲಿ, ಇಡೀ ಅಂಕಣವಾಗಿ ಬರಬೇಕೆಂದು ಹಟ ಹಿಡಿದರು. ಹಾಗೆ ಬಂದ ಮೇಲೆ ಸಂಪಾದಕಿಗೆ ತಾವು ಆಡಿದ ಮಾತಿನಂತೆ ನಡೆಯದೆ ಗತ್ಯಂತರವಿರಲಿಲ್ಲ. ನವೆಂಬರ್ ೧೭ರ ಶುಕ್ರವಾರ ಪ್ರಕಟವಾದದ್ದೇ ಅವರ ಕೊನೆಯ ಅಂಕಣ. ಅದರಲ್ಲಿ ಅವರು ತಮ್ಮ ತಪ್ಪನ್ನು ದಿನಾಂಕಸಹಿತ ಒಪ್ಪಿಕೊಂಡರು, ಅಂಚೆಯವನ ಬಗ್ಗೆ ಒಂದು ಸುದೀರ್ಘ ವಾಕ್ಯ ಬರೆದರು, ಉಳಿದ ಆಟವನ್ನು ಮತ್ತೊಮ್ಮೆ ನಿರ್ದಾಕ್ಷಿಣ್ಯವಾಗಿ ಜಾಡಿಸಿದರು. ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಕೆಲವು ತಿಂಗಳ ತರುವಾಯ ಒಂದು ಪುಸ್ತಕದಂಗಡಿಯಲ್ಲಿ ಆ ಹುಡುಗಿ ನನಗೆ ಸಿಕ್ಕಿದಳು. ಮಾತು ಸಹಜವಾಗಿಯೇ ಆ ಅಂಕಣದತ್ತ ಹೊರಳಿತು. "ಆಫೀಸಲ್ಲಿ ಎಲ್ಲರೂ ನನ್ನ ಪೋಸ್ಟ್‌ಮ್ಯಾನ್‌ನ ಸೂಪರ್ ಸೂಪರ್ ಅಂತಿದ್ರು ಮೇಷ್ಟ್ರೇ" ಎಂದಳು. "ಯಾರು ಅಂದಾಗ್ಲೂ ಒಳಗೆ ಇಳೀಲಿಲ್ಲ. ಮಾವ 'ನಿನ್ನವನು ಚೆನ್ನಾಗಿದ್ದಾನೆ' ಅಂದ್ರಲ್ಲ, ಅವತ್ತು ಹೋಗಿ ಸಂಜೇವರೆಗೂ ಮಲಗಿಬಿಟ್ಟೆ."

ಅಂಥವರೊಡನೆ ಬಾಳುವುದು ಕಷ್ಟ. ಪ್ರತಿ ಮಾತಿಗೂ ಪುರಾವೆ ಬೇಡುವವರ ಎದುರು ಕುಳಿತು ಚಹಾ ಕುಡಿಯುವುದೂ ಒಂದು ಶಿಕ್ಷೆ. ನಾವು ಅವರಿಗೆ ಅಡ್ಡಹೆಸರಿಡುತ್ತೇವೆ, ಮದುವೆಮನೆಯಲ್ಲಿ ಅವರ ಪಕ್ಕದ ಕುರ್ಚಿಯನ್ನು ತಪ್ಪಿಸುತ್ತೇವೆ, ಅವರು ಎಡವಿದ ದಿನ ಒಳಗೊಳಗೇ ಹಿಗ್ಗುತ್ತೇವೆ. ಆದರೂ ಜೀವಮಾನದಲ್ಲೊಮ್ಮೆ ನಾವು ನಮ್ಮ ಕೈಯಾರೆ ಮಾಡಿದ ಏನನ್ನಾದರೂ ಹಿಡಿದು, ಇದು ನಿಜಕ್ಕೂ ಚೆನ್ನಾಗಿದೆಯೇ ಎಂದು ತಿಳಿಯಬಯಸಿದಾಗ, ನಮ್ಮನ್ನು ಹೊಗಳುವ ಮಂದಿಯೆಲ್ಲ ತುಂಬಿದ ಕೋಣೆಯನ್ನು ದಾಟಿಕೊಂಡು, ನಮ್ಮನ್ನು ಎಂದೂ ನಂಬದಿದ್ದ ಆ ಒಬ್ಬನ ಬಳಿಗೇ ಹೋಗುತ್ತೇವೆ.