ಬಾವಲಿಗಳು ಮಲಗಿವೆ, ಆ ಅಂಗಿ ಬಿಚ್ಚು ಮೆರ್ವಿನ್

ಗೇಟಿನ ಬೀಗದಕೈ ನನ್ನ ಹತ್ತಿರ ಇರುತ್ತೆ. ಹಾಗಾಗಿ ಜಗಳಗಳೂ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ.

ನಾನು ಗ್ಲೆನಿಸ್. ವಿಕ್ಟೋರಿಯಾದ ಪೂರ್ವಕ್ಕೆ, ಸುಣ್ಣಕಲ್ಲಿನ ಗುಡ್ಡದಲ್ಲಿ ನಮ್ಮ ಟ್ರೆಂಬಾತ್ ಗುಹೆ. ಅಲ್ಲಿ ಟಿಕೆಟ್ ಕೊಡೋದು ನಾನೇ, ಟೀ ಕಾಸೋದು ನಾನೇ, ಗಲಾಟೆ ಮಾಡೋರನ್ನ ಗದರೋದೂ ನಾನೇ. ಪ್ರತಿ ಶನಿವಾರ ಜನರನ್ನ ಒಳಗೆ ಕರಕೊಂಡು ಹೋಗಿ ತೋರಿಸೋನು ನನ್ನ ತಮ್ಮ ಮೆರ್ವಿನ್. ವಯಸ್ಸು ಅರವತ್ತಾರು, ಬುದ್ಧಿ ಹದಿನಾರು.

ಜುಲೈ ಅಂದ್ರೆ, ಭೂಮಿಯ ದಕ್ಷಿಣಾರ್ಧದಲ್ಲಿರೋ ನಮಗೆ ಕೊರೆಯೋ ಚಳಿ. ಆಗ ಗುಹೆಯ ಒಳಕೋಣೆಯ ಚಾವಣಿಗೆ ಸಾವಿರಾರು ಬಾವಲಿಗಳು ಜೋತುಬಿದ್ದು ಮಲಗಿರ್ತವೆ. ಹೆಬ್ಬೆರಳಿನಷ್ಟು ಉದ್ದದ ಜೀವ. ಚಳಿ ಕಳೆಯೋವರೆಗೂ ಹೆಚ್ಚೂಕಮ್ಮಿ ನಿದ್ದೆಯಲ್ಲೇ ಇರ್ತವೆ.

ಇನ್ನು ಗುಹೆ ಇಳಿಯೋ ಈ ಜನಕ್ಕೊಂದು ಖಯಾಲಿ ಇದೆ, ಕೇಳಿ. ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಟ್ಟೆಯ ಮೇಲಂಗಿ ಹಾಕ್ತಾರಲ್ಲ, ಅದನ್ನ ಒಗೆಯೋದಿಲ್ಲ! ಕೆಸರು ಜಾಸ್ತಿ ಆದಷ್ಟೂ ಮರ್ಯಾದೆ ಜಾಸ್ತಿ. ಯಾರಾದ್ರೂ ಒಗೆದ ಅಂಗಿ ಹಾಕ್ಕೊಂಡು ಬಂದ್ರೆ, "ಏನಪ್ಪಾ, ಮದುವೆಗೆ ಹೊರಟೆಯಾ?" ಅಂತ ಗೋಳು ಹುಯ್ಕೋತಾರೆ. ಮೆರ್ವಿನ್‌ನ ಅಂಗಿಗೆ ಮೂವತ್ತೊಂದು ವರ್ಷ. ಮೊಣಕಾಲಿನ ತೇಪೆ ಅವನ ಹೆಂಡತಿ ಏವಿಸ್ ಹಾಕಿದ್ದು. ಅವಳು ತೀರಿಕೊಂಡು ನಾಲ್ಕು ವರ್ಷ ಆಯ್ತು. ಆ ಅಂಗಿ ಮುಟ್ಟಿದ್ರೆ ಅವನು ಮೈಮೇಲೆ ಬೀಳ್ತಾನೆ.

ಈ ಸಲ ಅವನು ಅಮೆರಿಕದಲ್ಲಿರೋ ಮಗಳ ಮನೆಗೆ ಹೋಗಿ ಎರಡು ತಿಂಗಳಿದ್ದು ಬಂದ. ಬಂದ ಮೊದಲ ಶನಿವಾರ ಗೇಟಿನ ಮುಂದೆ ಹನ್ನೆರಡು ಜನ ಕಾಯ್ತಾ ಇದ್ದರು. ಇವನು ಅದೇ ಅಂಗಿ ತೊಟ್ಟು, ಎದೆ ಉಬ್ಬಿಸಿಕೊಂಡು ಬಂದ.

"ನೋಡೇ ಗ್ಲೆನಿಸ್, ಈ ಹಳದಿ ಮಣ್ಣು ಪೆನ್ಸಿಲ್ವೇನಿಯಾದ್ದು. ನಮ್ಮ ಬೀಗರ ಜೊತೆ ಎರಡು ಗುಹೆ ಇಳಿದೆ. ಯಾರ ಹತ್ತಿರ ಇದೆ ಇಂಥದ್ದು, ಹೇಳು!"

ಒಲೆ ಪಕ್ಕ ಕೂತು ಟೀ ಕುಡಿತಿದ್ದ ರೊವೀನಾ ಲೋಟ ಕೆಳಗಿಟ್ಟಳು. ಬಾವಲಿಗಳ ಬಗ್ಗೆ ಓದಿಕೊಂಡ ಹುಡುಗಿ, ಪ್ರತಿ ಚಳಿಗಾಲ ನಮ್ಮಲ್ಲೇ ಉಳಿಯೋಳು.

"ಗ್ಲೆನಿಸ್, ಗೇಟು ತೆಗೀಬೇಡಿ," ಅಂದಳು.

"ಯಾಕಮ್ಮಾ?"

"ಆ ಗುಹೆಗಳಲ್ಲಿ ಬಿಳಿಮೂಗು ರೋಗ ಇದೆ. ಅದೊಂಥರಾ ಬೂಸ್ಟು. ಮಣ್ಣಿನ ಜೊತೆ ಬಟ್ಟೆಗೆ, ಶೂಗೆ ಅಂಟಿಕೊಂಡು ಬರುತ್ತೆ. ಮನುಷ್ಯರಿಗೆ ಏನೂ ಮಾಡಲ್ಲ. ಬಾವಲಿಗಳನ್ನ ಮುಗಿಸಿಬಿಡುತ್ತೆ. ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ಆ ಅಂಗಿ ಒಳಗೆ ಹೋದ್ರೆ ಬರಬಹುದು."

ಮೆರ್ವಿನ್ ಜೋರಾಗಿ ನಕ್ಕ. "ಬೂಸ್ಟಂತೆ! ಒಣಗಿ ಕಲ್ಲಾಗಿದೆ ಕಣಮ್ಮಾ ಈ ಮಣ್ಣು. ಎಷ್ಟು ದಿನ ಬದುಕಿರುತ್ತೆ ಅದು?"

"ವರ್ಷಗಟ್ಟಲೆ ಇರುತ್ತೆ."

"ಇರಲಿ ಬಿಡು. ಬಾವಲಿ ಮೂಗಿಗೆ ಒಂಚೂರು ಬೂಸ್ಟು ಹತ್ತಿದ್ರೆ ಸೀನಿ ಮತ್ತೆ ಮಲಗುತ್ತೆ."

"ಮಲಗೋಕೆ ಆಗಲ್ಲ, ಮೆರ್ವಿನ್," ಅಂದಳು ರೊವೀನಾ. ಅವಳು ದನಿ ಎತ್ತೋಳಲ್ಲ. "ಬೇಸಿಗೆಯಲ್ಲಿ ಹುಳ ತಿಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡಿರ್ತವೆ. ಇಡೀ ಚಳಿಗಾಲಕ್ಕೆ ಅದೊಂದೇ ಬುತ್ತಿ. ಬೂಸ್ಟು ಹಿಡಿದ್ರೆ ಮತ್ತೆ ಮತ್ತೆ ಎಚ್ಚರ ಆಗ್ತವೆ. ಎದ್ದಾಗಲೆಲ್ಲ ಬುತ್ತಿ ಕರಗುತ್ತೆ. ಕೊನೆಗೆ ಹಸಿವು ತಾಳದೆ ಚಳಿಯಲ್ಲೇ ಹೊರಗೆ ಹಾರ್ತವೆ. ಹೊರಗೆ ಒಂದು ಹುಳಾನೂ ಇರಲ್ಲ."

"ಅಮೆರಿಕದವರು ಏನೂ ಹೇಳಲಿಲ್ಲವಲ್ಲ ನಂಗೆ!"

"ಗುಹೆಯಿಂದ ಹೊರಗೆ ಬರುವಾಗ ಬೂಸ್ಟು ತೊಳೆಯೋ ಒದ್ದೆ ಚಾಪೆ ಮೇಲೆ ನಡೆಸಲಿಲ್ವಾ?"

ಮೆರ್ವಿನ್ ತಲೆ ಕೆರೆದುಕೊಂಡ. "ಒಂದು ಕಡೆ ನಡೆಸಿದ್ರು. ಅವರ ಅಂಗಡಿ ನೆಲ ಗಲೀಜಾಗದಿರಲಿ ಅಂತ ಅಂದ್ಕೊಂಡೆ."

ಕಾಯ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಆದ್ರೆ ನಗಲಿಲ್ಲ. "ಲೋ ಮೆರ್ವಿನ್, ವಿಮಾನ ನಿಲ್ದಾಣದಲ್ಲಿ ಕೇಳ್ತಾರಲ್ಲೋ, ಮಣ್ಣು ಮೆತ್ತಿದ್ದು ಏನಾದ್ರೂ ಇದೆಯಾ ಅಂತ? ಏನಂದೆ?"

"ಶೂ ತೊಳೆದು ತೋರಿಸಿದೆ." ಆಮೇಲೆ ಮೆಲ್ಲಗೆ, "ಅಂಗಿ ವಿಷಯ ಬಾಯಿ ಬಿಡಲಿಲ್ಲ. ಕಿತ್ಕೋತಿದ್ರು ಕಣೇ."

"ಥೂ ನಿನ್ನ!" ಅಂದೆ. ಜನರ ಮುಂದೆ ಅಂತಾನೂ ನೋಡಲಿಲ್ಲ. ಬೀಗದಕೈ ಜೇಬಿಗೆ ಹಾಕ್ಕೊಂಡೆ. "ಗೇಟು ತೆಗೆಯಲ್ಲ. ಹೋಗು."

ಮುಖ ಗಂಟು ಹಾಕಿಕೊಂಡು ಬೆಂಚಿನ ಮೇಲೆ ಕೂತ. ರೊವೀನಾ ಅವನ ಎದುರು ಹೋಗಿ ನಿಂತಳು, ಸ್ವಲ್ಪ ದೂರದಲ್ಲೇ.

"ಮಗಳ ಮನೆ ಅಂಗಳದಲ್ಲಿ ಸಂಜೆ ಕೂರ್ತಿದ್ರಾ?"

"ದಿನಾ ಕೂರ್ತಿದ್ವಿ. ಸೊಳ್ಳೆ ಕಾಟ, ಅಬ್ಬಬ್ಬಾ!"

"ಎಷ್ಟು ಬಾವಲಿ ಹಾರೋದನ್ನ ನೋಡಿದ್ರಿ?"

ಮೆರ್ವಿನ್ ಎಣಿಸೋಕೆ ಅಂತ ಕೈ ಎತ್ತಿದ. ಒಂದು ಬೆರಳೂ ಮಡಚದೆ ಕೆಳಗಿಳಿಸಿದ.

"ಬೀಗರ ಮನೆ ಗೋಡೆ ಮೇಲೆ ಒಂದು ಫೋಟೊ ಇತ್ತು," ಅಂದ ಆಮೇಲೆ. "ಗುಹೆ ಚಾವಣಿ, ಕಲ್ಲೇ ಕಾಣದ ಹಾಗೆ ಬಾವಲಿ. 'ಇದು ಯಾವ ಗುಹೆ, ಹಾರ್ಲನ್?' ಅಂತ ಬೀಗರನ್ನ ಕೇಳಿದೆ. 'ಬೆಳಿಗ್ಗೆ ನಾವು ಹೋಗಿದ್ವಲ್ಲ, ಅದೇ,' ಅಂದ. ಅಲ್ಲಿ ಒಂದೂ ಬಾವಲಿ ಕಂಡಿರಲಿಲ್ಲ, ನಾನು ತಮಾಷೆ ಅಂದ್ಕೊಂಡು ನಕ್ಕೆ. ಅವನು ಅವತ್ತು ರಾತ್ರಿ ಊಟಾನೇ ಮಾಡಲಿಲ್ಲ. ಏನು ಸಿಡುಕು ಮನುಷ್ಯನಪ್ಪಾ ಅಂದ್ಕೊಂಡಿದ್ದೆ."

ರೊವೀನಾ ಚೀಲ ಹುಡುಕೋಕೆ ಹೋದಳು.

ಮೆರ್ವಿನ್ ಎದ್ದು ಹಿಂದಿನ ಕೋಣೆಗೆ ಹೋದ. ಅಂಗಿ ಬಿಚ್ಚಿದ. ರೊವೀನಾ ಎರಡು ದಪ್ಪ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಳು.

"ಒಗೆದ್ರೆ ಆಗಲ್ವಾ?" ಅಂತ ಕೇಳಿದ.

"ರೋಗ ಇರೋ ನಾಡಿನ ಮಣ್ಣು ಇದು. ಒಗೆದು ನಂಬೋ ಹಾಗಿಲ್ಲ. ರೋಗ ತಡೆಯೋ ಸರ್ಕಾರಿ ಇಲಾಖೆಯವರು ಬಂದು ತಗೊಂಡು ಹೋಗಿ ಸುಡ್ತಾರೆ."

"ಏವಿಸ್ ಹಾಕಿದ ತೇಪೆ... ಅದನ್ನಾದ್ರೂ ಕತ್ತರಿಸಿಕೊಳ್ಳಲಾ?"

ರೊವೀನಾ ನನ್ನ ಮುಖ ನೋಡಿದಳು. ಇದನ್ನ ನಾನೇ ಹೇಳಬೇಕಾಯ್ತು. "ಬೇಡ ಕಣೋ," ಅಂದೆ.

ಅವನು ತೇಪೆಯನ್ನ ಒಂದು ಸಲ ಸವರಿದ. "ಅವಳಿದ್ದಿದ್ರೆ ಇಷ್ಟು ಮಾತು ಬೇಕಿರಲಿಲ್ಲ. ಕಿವಿ ಹಿಂಡಿ ಬಿಚ್ಚಿಸಿರೋಳು," ಅಂದು ಅಂಗಿಯನ್ನ ಚೀಲಕ್ಕೆ ಹಾಕಿದ. "ಇಲಾಖೆಗೆ ಫೋನ್ ನಾನೇ ಮಾಡ್ತೀನಿ. ಮುಚ್ಚಿಟ್ಟೋನು ನಾನು."

ಕೈಕಾಲು ತೊಳಕೊಂಡು, ಗುಹೆಯ ಉಗ್ರಾಣದಲ್ಲಿದ್ದ ಹೊಸ ಅಂಗಿ, ರಬ್ಬರ್ ಬೂಟು ಹಾಕ್ಕೊಂಡು ಬಂದ. ತೋಳು ಉದ್ದ, ಕಾಲು ಗಿಡ್ಡ. "ಮದುವೆಗೆ ಹೊರಟೆಯಾ?" ಅಂದೆ. "ಹೌದು, ನಿನ್ನನ್ನ ಕರೆಯಲ್ಲ," ಅಂದ. ಆಗ ಗೇಟು ತೆಗೆದೆ.

ಬಂದಿದ್ದವರ ಮುಂದೆ ನಿಂತು ಮೆರ್ವಿನ್ ಮೊದಲು ಕೇಳಿದ್ದೇ ಇದು: "ಈ ಬಟ್ಟೆ, ಈ ಶೂ ಹಾಕ್ಕೊಂಡು ಬೇರೆ ಯಾವುದಾದ್ರೂ ಗುಹೆಗೆ ಹೋಗಿದ್ದೀರಾ? ನಿಜ ಹೇಳಿ, ಬಯ್ಯಲ್ಲ. ಬಯ್ಯೋಕೆ ನನಗೆ ಯೋಗ್ಯತೆಯೂ ಇಲ್ಲ."

ಹಿಂದೆ ನಿಂತಿದ್ದ ಒಬ್ಬ ಹೆಂಗಸು ಕೈ ಎತ್ತಿದರು. ಹೋದ ವರ್ಷ ಯೂರೋಪಿನ ಗುಹೆಯೊಂದರಲ್ಲಿ ಅದೇ ಶೂ ಹಾಕಿದ್ದರಂತೆ. ಕೇಳಿರದಿದ್ದರೆ ಅವರು ಹೇಳ್ತಿರಲಿಲ್ಲ, ನಮಗೆ ಗೊತ್ತೂ ಆಗ್ತಿರಲಿಲ್ಲ. ಶೂ ಚೀಲ ಸೇರಿತು, ಅವರಿಗೂ ನಮ್ಮ ರಬ್ಬರ್ ಬೂಟು ಕೊಟ್ಟೆವು.

ಒಳಕೋಣೆಗೆ ಕಬ್ಬಿಣದ ಸರಳು. ಅದರಾಚೆ ಚಳಿಗಾಲದಲ್ಲಿ ಯಾರೂ ಹೋಗೋದಿಲ್ಲ. ಮೆರ್ವಿನ್ ಮಂದ ಕೆಂಪು ದೀಪವನ್ನ ಒಂದೇ ಕ್ಷಣ ಚಾವಣಿಯತ್ತ ತಿರುಗಿಸಿದ. ರೆಕ್ಕೆ ಮಡಚಿಕೊಂಡು, ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು, ಕಲ್ಲೇ ಕಾಣದ ಹಾಗೆ. ಅವನ ಕಣ್ಣು ತುಂಬಿ ಬಂತು. ದೀಪ ಆರಿಸಿ, ತುಟಿ ಮೇಲೆ ಬೆರಳಿಟ್ಟು, ಎಲ್ಲರನ್ನೂ ಮುಂದೆ ನಡೆಸಿದ.

ಓದ್ತಾ ಇರೋ ನಿಮಗೂ ಒಂದು ಮಾತು. ನೀವು ಯಾವ ಊರಿನ ಗುಹೆ ನೋಡೋಕೆ ಹೋದ್ರೂ ಒಗೆದ ಬಟ್ಟೆ ಹಾಕ್ಕೊಂಡು ಹೋಗಿ. ಒಂದು ಗುಹೆಗೆ ಹಾಕಿದ ಶೂ ಇನ್ನೊಂದಕ್ಕೆ ಬೇಡ, ಅದರಲ್ಲೂ ಬೇರೆ ದೇಶದ್ದಾದ್ರೆ ಬೇಡವೇ ಬೇಡ. ಗೇಟಿನಲ್ಲಾಗಲಿ ವಿಮಾನ ನಿಲ್ದಾಣದಲ್ಲಾಗಲಿ ಕೇಳಿದ್ರೆ ಮುಚ್ಚಿಡಬೇಡಿ. ಒಳಗೆ ಮೆಲ್ಲಗೆ ಮಾತಾಡಿ, ಫ್ಲ್ಯಾಶ್ ಹೊಡೀಬೇಡಿ. ಮಲಗಿದ್ದನ್ನ ಎಬ್ಬಿಸಬೇಡಿ. ಗೋಡೆ ಮೇಲಿನ ಫೋಟೊದಲ್ಲಿ ಮಾತ್ರ ಬಾವಲಿ ಉಳಿದ ಮನೆಯೊಂದು ಪೆನ್ಸಿಲ್ವೇನಿಯಾದಲ್ಲಿದೆ. ಇನ್ನೊಂದು ಬೇಡ.