ನನ್ನ ಬಾಯಿಗೆ ಇಬ್ಬರು ಕಾವಲು

ಈ ಮನೆಯಲ್ಲಿ ಊಟದಿಂದ ತಪ್ಪಿಸಿಕೊಳ್ಳಬಲ್ಲವನು ನನ್ನ ಮಗನೊಬ್ಬನೇ. ಐದು ವರ್ಷದವನು. ಸದಾ ಗುಂಯ್ ಎನ್ನುತ್ತಿರುವುದರಿಂದ ದುಂಬಿ ಎಂದೇ ಕರೆಯುತ್ತೇವೆ. ಬಿಳಿ ಅನ್ನ, ಒಣ ಬ್ರೆಡ್ಡು ಬಿಟ್ಟು ಬೇರೇನು ಬಡಿಸಿದರೂ ತಟ್ಟೆ ನೆಲಕ್ಕೆ. ಅವನಿಗೆ ಆಟಿಸಂ ಎಂದು ತಿಳಿದ ಮೇಲೆ ಯಾರೂ ಬಲವಂತ ಮಾಡುವುದಿಲ್ಲ. ಆ ಬಲವಂತವೆಲ್ಲ ಈಗ ನನ್ನ ಪಾಲಿಗೆ. ನಾನು ಮತ್ತೆ ಬಸುರಿ.

ದುಂಬಿ ಹೊಟ್ಟೆಯಲ್ಲಿದ್ದಾಗ ನನಗೆ ನೀರು ಕೂಡ ದಕ್ಕುತ್ತಿರಲಿಲ್ಲ. ವಾಂತಿ ಮಾಡಿ ಮಾಡಿ ಕಡ್ಡಿಯಾಗಿದ್ದೆ. ಬಸುರಿನಲ್ಲಿ ತಾಯಿ ಸರಿಯಾಗಿ ತಿನ್ನದಿದ್ದರೆ ಮಗು ಹೀಗಾಗಬಹುದು ಎಂದು ನನ್ನ ಗಂಡ ಫೋನಿನಲ್ಲಿ ಎಲ್ಲೋ ಓದಿದರು. ಅತ್ತೆಯ ಕಿವಿಗೆ ತಲುಪುವಷ್ಟರಲ್ಲಿ ಅದು ನನ್ನಿಂದಲೇ ಆದದ್ದು ಎಂದು ತೀರ್ಮಾನವಾಗಿತ್ತು.

ಅಂದಿನಿಂದ ಶುರು. ಮೊಟ್ಟೆ, ಸೊಪ್ಪು, ಹಾಲು, ಬೇಯಿಸಿದ ಕಾಳು. ನಾಲ್ಕು ಮನೆಯ ಬಟ್ಟೆ ಹೊಲಿಯುತ್ತಿದ್ದ ನನ್ನ ಮಿಷನ್ನಿಗೆ ಮುಸುಕು ಬಿತ್ತು. ಅತ್ತೆ ಎದುರಿಗೆ ಕೂತು ನಾನು ಅಗಿಯುವುದನ್ನೇ ನೋಡುತ್ತಾರೆ. ಗಂಡನದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಊರವರನ್ನೆಲ್ಲ ಬಿಡಿಸಿ ಬರುವ ಮಹಾನುಭಾವ, ಬಂದವರೇ "ತಿಂದ್ಳಾ?" ಎಂದು ಕೇಳುತ್ತಾರೆ. ನನ್ನನ್ನಲ್ಲ, ಅತ್ತೆಯನ್ನು.

ವಿಟಮಿನ್ ಮಾತ್ರೆಯದಂತೂ ದೊಡ್ಡ ಕತೆ. ಗಂಡನಿಗೆ ಅಮ್ಮನ ಮರೆವಿನ ಮೇಲೆ ಅನುಮಾನ, ಅತ್ತೆಗೆ ಮಗನ ಅವಸರದ ಮೇಲೆ. ಕೆಲಸಕ್ಕೆ ಹೊರಡುವ ಮುಂಚೆ ಅವರೊಂದು ಕೊಡುತ್ತಿದ್ದರು, ಮಧ್ಯಾಹ್ನ ಅತ್ತೆಯೊಂದು. ಆಗಲೇ ನುಂಗಿದೆ ಎಂದರೆ, "ಹೋದ ಸಲಾನೂ ಹೀಗೇ ಅಂದಿದ್ದೆ" ಎಂಬ ಉತ್ತರ ಸಿದ್ಧ. ಬಾಯಿ ಮುಚ್ಚಿಕೊಂಡು ಎರಡನ್ನೂ ನುಂಗುತ್ತಿದ್ದೆ.

ನನಗೆ ಬೇಕಿದ್ದದ್ದು ಡಾಕ್ಟರಮ್ಮನ ಜೊತೆ ಒಂದೇ ಒಂದು ಗಳಿಗೆ. ದುಂಬಿ ಹೀಗಾದದ್ದು ನನ್ನಿಂದಲೇನಾ ಎಂದು ಕೇಳಬೇಕಿತ್ತು. ಆದರೆ ಅವರು ನನ್ನನ್ನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದರು, ಬಸುರಿ ತಾವೇ ಎಂಬ ಹಾಗೆ.

ಈ ಸಲ ಆಸ್ಪತ್ರೆಗೆ ದುಂಬಿಯೂ ಬಂದಿದ್ದ. ಅವನು ನೋಡುತ್ತಿದ್ದ ಫ್ಯಾನು ನಿಂತದ್ದೇ ತಡ, ಕಿರುಚತೊಡಗಿದ. ಅತ್ತೆ ಅವನನ್ನು ಎತ್ತಿಕೊಂಡು ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಕೇಳಿಬಿಟ್ಟೆ.

"ನೋಡಮ್ಮ," ಎಂದರು ಡಾಕ್ಟರಮ್ಮ, "ತಾಯಿ ಊಟಕ್ಕೂ ಇದಕ್ಕೂ ಎಷ್ಟು ಸಂಬಂಧ ಅಂತ ಇನ್ನೂ ಹುಡುಕ್ತಾನೇ ಇದ್ದಾರೆ. ಇದು ಒಂದೇ ಕಾರಣಕ್ಕೆ ಬರೋದಲ್ಲ. ಹೆಚ್ಚಿನ ಪಾಲು ವಂಶದಿಂದ ಬರುತ್ತೆ. ನಿಮ್ಮ ವಾಂತಿಯಿಂದ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲ. ಈಗ ಮಾತ್ರೆ ತಗೋತಿದ್ದೀರಾ?"

"ಇಬ್ಬರ ಕೈಯಿಂದಲೂ," ಎಂದು ಎಲ್ಲ ಹೇಳಿದೆ.

ಅವರು ನಗಲಿಲ್ಲ. "ಒಂದೇ ಸಾಕು. ಜಾಸ್ತಿ ನುಂಗಿದ್ರೆ ಜಾಸ್ತಿ ಒಳ್ಳೇದು ಅಂತೇನಿಲ್ಲ."

ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಅಷ್ಟನ್ನೂ ಒದರಿದೆ, ವಂಶದ ಮಾತನ್ನೂ ಬಿಡದೆ. ಈಗ ರಣರಂಪ ಎಂದುಕೊಂಡೆ. ಅತ್ತೆ ಒಲೆ ಆರಿಸಿ, ಬಾಗಿಲ ಕಡೆ ಒಮ್ಮೆ ನೋಡಿದರು.

"ನಿನ್ನ ಗಂಡ ನಾಲ್ಕು ತುಂಬೋವರೆಗೂ ಮಾತಾಡಿರಲಿಲ್ಲ. ಚಮಚಗಳನ್ನ ಸಾಲಾಗಿ ಜೋಡಿಸ್ಕೊಂಡು ಕೂರ್ತಿದ್ದ. ಒಂದನ್ನ ಅಲುಗಿಸಿದ್ರೂ ತಲೇನ ಗೋಡೆಗೆ ಚಚ್ಕೋತಿದ್ದ. ಬಸುರೀಲಿ ನಾನು ಚೆನ್ನಾಗೇ ತಿಂದಿದ್ದೆ ಕಣೆ. ಆದ್ರೂ ನಮ್ಮತ್ತೆ ಸಾಯೋವರೆಗೂ ನನ್ನ ಊಟಾನೇ ಬೈದ್ರು."

ನನ್ನ ಮೈಯೆಲ್ಲ ಉರಿದುಹೋಯಿತು. "ಎಲ್ಲಾ ಗೊತ್ತಿದ್ದೂ ನನ್ನನ್ಯಾಕೆ ಹೀಗೆ ಗೋಳು ಹುಯ್ಕೊಂಡ್ರಿ?"

"ಅವನಿಗೆ ಅದೊಂದೂ ನೆನಪಿಲ್ಲ. ತನ್ನಿಂದ ಮಗನಿಗೆ ಬಂತು ಅಂತ ಗೊತ್ತಾದ್ರೆ ಕುಸಿದು ಹೋಗ್ತಾನೆ." ಅತ್ತೆ ನನ್ನ ಕೈ ಹಿಡಿದುಕೊಂಡರು. "ನೀನು ಗಟ್ಟಿ ಕಣೆ. ತಡ್ಕೋತೀಯ."

ಕೈ ಬಿಡಿಸಿಕೊಳ್ಳಲು ನೋಡಿದೆ. ಮುದುಕಿಯ ಹಿಡಿತ ಸಡಿಲವಾಗಲಿಲ್ಲ. ಅಷ್ಟರಲ್ಲಿ ಗಂಡ ದುಂಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಬಂದರು. ಇಬ್ಬರೂ ಒಂದೇ ರೀತಿ ತಲೆ ವಾರೆ ಮಾಡಿ ನನ್ನನ್ನು ನೋಡಿದರು.

"ಡಾಕ್ಟರು ಏನಂದ್ರು?"

ಬಾಯಲ್ಲಿ ಬಿಸಿ ತುಪ್ಪ ಇದ್ದ ಹಾಗಾಯಿತು.

"ಮಾತ್ರೆ ಒಂದೇ ಸಾಕಂತೆ," ಎಂದೆ. "ಊಟ ಮಾತ್ರ ಚೆನ್ನಾಗಿ ಮಾಡ್ಬೇಕಂತೆ."